ಹೆಸರಿಡದ ಕೂಸು: ಬಳ್ಳಾರಿ ಸೀಮೆಯಲ್ಲಿ ಎಳೆಗೂಸಿನ ಜೀವನ್ಮರಣದ ತೀರ್ಮಾನ

ಕೂಸು ಹುಟ್ಟಿತು ಎನ್ನುವುದಕ್ಕೂ ಕೂಸು ಮನೆಯದಾಯಿತು ಎನ್ನುವುದಕ್ಕೂ ಕನ್ನಡ ಜನಪದರ ಬದುಕಿನಲ್ಲಿ ಕೆಲವು ದಿನಗಳ ಅಂತರವಿದೆ. ಪುರುಡು ಕಳೆಯುವವರೆಗೆ ಕೂಸಿಗೆ ಹೆಸರಿಲ್ಲ, ತೊಟ್ಟಿಲಿಲ್ಲ. ಅದು ಬಾಣಂತಿಯ ಕೋಣೆಯ ಮಬ್ಬು ಬೆಳಕಿನಲ್ಲಿ, ತಾಯಿಯ ಮಗ್ಗುಲಲ್ಲಿ ಇರುವ ಜೀವ. ಈ ಅಂತರದಲ್ಲಿ ಕೂಸಿನ ಜೀವಕ್ಕೆ ಕುತ್ತು ಬಂದರೆ ಏನು ಮಾಡಬೇಕು, ಎಲ್ಲಿಯವರೆಗೆ ಮಾಡಬೇಕು, ಇನ್ನು ಸಾಕು ಎಂದು ಹೇಳುವ ಅಧಿಕಾರ ಯಾರದು ಎಂಬ ಪ್ರಶ್ನೆಗಳು ಇಂದು ವೈದ್ಯಕೀಯ ನೀತಿಶಾಸ್ತ್ರದ ಮುಖ್ಯ ಚರ್ಚೆಗಳಾಗಿವೆ. ಆದರೆ ಈ ಪ್ರಶ್ನೆಗಳು ಆಸ್ಪತ್ರೆಗಳೊಂದಿಗೆ ಹುಟ್ಟಿದವಲ್ಲ. ಸೂಲಗಿತ್ತಿಯ ಮುಂದೆಯೂ, ಅತ್ತೆಯ ಮುಂದೆಯೂ, ಹರಕೆ ಹೊತ್ತ ತಾಯಿಯ ಮುಂದೆಯೂ ಇವು ಇದ್ದವು. ಅವರು ಇವಕ್ಕೆ ತಮ್ಮದೇ ಆದ ಉತ್ತರಗಳನ್ನು ಕೊಟ್ಟುಕೊಂಡಿದ್ದರು.

ಬಾದನಹಟ್ಟಿ ಇಂದು ಬಳ್ಳಾರಿ ಜಿಲ್ಲೆಯ ಕುರುಗೋಡು ತಾಲೂಕಿನ ಗ್ರಾಮ. ಕುರುಗೋಡು ಪ್ರತ್ಯೇಕ ತಾಲೂಕಾಗುವ ಮೊದಲು ಇದು ಬಳ್ಳಾರಿ ತಾಲೂಕಿಗೆ ಸೇರಿತ್ತು. ಕನ್ನಡ ಮತ್ತು ತೆಲುಗು ಎರಡೂ ಬೆರೆತು ಹರಿಯುವ, ಎರೆಭೂಮಿಯ ಜೋಳ-ಹತ್ತಿಯ ಸೀಮೆಗೆ ತುಂಗಭದ್ರಾ ಕಾಲುವೆಯ ನೀರು ಬಂದು ಭತ್ತದ ಬೆಳೆ ಸೇರಿಕೊಂಡ ಪ್ರದೇಶವಿದು. ಇಂಥ ಊರಿನ ಮನೆಯೊಂದರಲ್ಲಿ ತಿಂಗಳು ತುಂಬದೆ ಕೂಸು ಹುಟ್ಟಿದರೆ ನೂರು ವರ್ಷಗಳ ಹಿಂದೆ ತೀರ್ಮಾನವು ಆ ಮನೆಯ ಒಳಗೋಣೆಯಲ್ಲಿಯೇ ಆಗುತ್ತಿತ್ತು. ಇಂದು ಅದೇ ತೀರ್ಮಾನ ಆಂಬುಲೆನ್ಸಿನಲ್ಲಿ, ಬಳ್ಳಾರಿ ನಗರದ ಆಸ್ಪತ್ರೆಯ ಮೊಗಸಾಲೆಯಲ್ಲಿ, ಒಪ್ಪಿಗೆ ಪತ್ರದ ಕೊನೆಯ ಸಾಲಿನಲ್ಲಿ ಆಗುತ್ತದೆ. ತೀರ್ಮಾನದ ತಾಣ ಬದಲಾದಂತೆ ಅದರ ಭಾರ ಹೊರುವವರೂ ಬದಲಾದ ಚರಿತ್ರೆಯನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

1. ಪುರುಡಿನ ದಿನಗಳು

ಬಳ್ಳಾರಿ ಸೀಮೆ ಸೇರಿದಂತೆ ಉತ್ತರ ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಹೆರಿಗೆಯಾದ ಐದನೆಯ ಅಥವಾ ಆರನೆಯ ದಿನ ಶೆಟಿಗೆವ್ವ, ಸಟ್ವಿ ಮುಂತಾದ ಹೆಸರುಗಳಿಂದ ಕರೆಯಲಾಗುವ ದೇವತೆಯ ಪೂಜೆ ನಡೆಯುತ್ತದೆ. ಆ ರಾತ್ರಿ ಆಕೆ ಬಂದು ಕೂಸಿನ ಹಣೆಯ ಮೇಲೆ ಆಯುಷ್ಯ ಮತ್ತು ಭಾಗ್ಯವನ್ನು ಬರೆಯುತ್ತಾಳೆ ಎಂಬುದು ನಂಬಿಕೆ. ಹಣೆಬರಹ ಎಂಬ ನಿತ್ಯದ ಮಾತಿನ ಹಿಂದೆ ಈ ಆಚರಣೆಯ ಚಿತ್ರವಿದೆ. ಪುರುಡು ಕಳೆದ ಮೇಲೆ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವುದು ವಾಡಿಕೆ. ಶವವನ್ನು ಸುಡುವ ಪದ್ಧತಿಯಿರುವ ಸಮುದಾಯಗಳಲ್ಲಿಯೂ ಎಳೆಗೂಸು ತೀರಿಕೊಂಡರೆ ಹೂಳುತ್ತಾರೆ. ದೊಡ್ಡವರ ಸಾವಿಗೆ ನಡೆಯುವ ಕರ್ಮಗಳು ಅದಕ್ಕಿಲ್ಲ. “ಅದರ ಋಣ ಅಷ್ಟೇ ಇತ್ತು” ಎಂಬ ಮಾತಿನಲ್ಲಿ ಶೋಕವನ್ನು ಮಡಚಿಡಲಾಗುತ್ತದೆ.

ಈ ಆಚರಣೆಗಳನ್ನು ಕೇವಲ ನಂಬಿಕೆಗಳೆಂದು ಪಟ್ಟಿ ಮಾಡಿ ಬಿಡುವುದು ಸಾಲದು. ಇವುಗಳ ಕಾಲಗಣನೆಯನ್ನು ಗಮನಿಸಬೇಕು. ವೈದ್ಯಶಾಸ್ತ್ರವು ಹುಟ್ಟಿನಿಂದ 28 ದಿನಗಳವರೆಗಿನ ಶಿಶುವನ್ನು ನವಜಾತ ಶಿಶು ಎಂದು ಕರೆಯುತ್ತದೆ. ಈ ಅವಧಿಯ ಸಾವುಗಳಲ್ಲಿ ಸುಮಾರು ಮುಕ್ಕಾಲು ಭಾಗ ಮೊದಲ ಏಳು ದಿನಗಳಲ್ಲಿಯೇ ಸಂಭವಿಸುತ್ತವೆ. ಶೆಟಿಗೆವ್ವನ ರಾತ್ರಿ ಮತ್ತು ನಾಮಕರಣದ ದಿನ ಈ ಅಪಾಯದ ಇಳಿಜಾರಿನ ಮೇಲೆಯೇ ನಿಂತಿವೆ. ಕೂಸುಗಳು ಯಾವಾಗ ಹೆಚ್ಚಾಗಿ ಸಾಯುತ್ತವೆ ಎಂಬ ತಲೆಮಾರುಗಳ ಅನುಭವ ಇಲ್ಲಿ ಆಚರಣೆಯ ರೂಪ ಪಡೆದಿದೆ ಎಂದು ಊಹಿಸಲು ಅವಕಾಶವಿದೆ. ಹೆಸರಿಡುವುದನ್ನು ತಡೆಹಿಡಿಯುವುದೆಂದರೆ ಕೂಸನ್ನು ಬೇಡವೆನ್ನುವುದಲ್ಲ. ಕಳೆದುಕೊಳ್ಳುವ ಸಾಧ್ಯತೆಯ ಮುಂದೆ ಮನಸ್ಸನ್ನು ಕಾಯ್ದುಕೊಳ್ಳುವ ಬಗೆ ಅದು.

ಗಮನಾರ್ಹ ಸಂಗತಿಯೆಂದರೆ ಆಧುನಿಕ ವ್ಯವಸ್ಥೆಯೂ ಈ ಹೆಸರಿಲ್ಲದ ಕಾಲವನ್ನು ಒಪ್ಪಿಕೊಂಡಿದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಹೆಸರಿಲ್ಲದೆಯೇ ಜನನವನ್ನು ನೋಂದಾಯಿಸಬಹುದು. ಹೆಸರನ್ನು ಆಮೇಲೆ ಸೇರಿಸಲು ಅವಕಾಶವಿದೆ. ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಕೂಸಿನ ಕೈಗೆ ಕಟ್ಟುವ ಪಟ್ಟಿಯ ಮೇಲೆ ತಾಯಿಯ ಹೆಸರಿರುತ್ತದೆ; ಕೂಸು ಇಂಥವಳ ಕೂಸು ಎಂದಷ್ಟೇ ದಾಖಲಾಗುತ್ತದೆ. ದಾಖಲೆಯಲ್ಲಿ ತಾಯಿಯ ಹೆಸರೇ ಕೂಸಿನ ಹೆಸರಾಗಿದ್ದರೂ ತೀರ್ಮಾನದ ಹೊತ್ತಿನಲ್ಲಿ ಆ ತಾಯಿ ಎಲ್ಲಿರುತ್ತಾಳೆ ಎಂಬ ಪ್ರಶ್ನೆಯನ್ನು ಮುಂದೆ ಎತ್ತಿಕೊಳ್ಳಲಾಗುವುದು.

2. ಸೂಲಗಿತ್ತಿಯ ಕೈಗುಣ

ಮೊದಲ ತೀರ್ಮಾನ ಸೂಲಗಿತ್ತಿಯದು. ಅದು ಮಾತಿನ ತೀರ್ಮಾನವಲ್ಲ, ಕೈಯ ತೀರ್ಮಾನ. ಅಳದೆ ಹುಟ್ಟಿದ ಕೂಸಿನ ಅಂಗಾಲು ತಟ್ಟುವುದು, ಬೆನ್ನು ಉಜ್ಜುವುದು, ಕಿವಿಯ ಬಳಿ ಕಂಚಿನ ತಟ್ಟೆ ಬಾರಿಸುವುದು, ಬಾಯಿಯೊಳಗಿನ ಲೋಳೆಯನ್ನು ಬೆರಳಿನಿಂದ ತೆಗೆಯುವುದು ಇವೆಲ್ಲ ಆಕೆಯ ಕೆಲಸ. ಎಷ್ಟು ಹೊತ್ತು ತಟ್ಟಬೇಕು, ಯಾವಾಗ ಕೈ ನಿಲ್ಲಿಸಬೇಕು ಎಂಬುದನ್ನು ಆಕೆಯೇ ನಿರ್ಧರಿಸುತ್ತಿದ್ದಳು. ಇಂದಿನ ಆಸ್ಪತ್ರೆಯಲ್ಲಿ ಪುನಶ್ಚೇತನವನ್ನು ಯಾವಾಗ ನಿಲ್ಲಿಸಬೇಕು ಎಂದು ಚರ್ಚಿಸಲಾಗುವ ಪ್ರಶ್ನೆಯೂ ಇದೇ.

ದೇಸಿ ಹೆರಿಗೆ ಜ್ಞಾನವನ್ನು ಕುರಿತು ವೈದ್ಯೆ ಮೀರಾ ಸದ್ಗೋಪಾಲ್ ಮತ್ತು ಸಂಗಡಿಗರು 2010ರ ದಶಕದಲ್ಲಿ ನಡೆಸಿದ ಜೀವಾ ಅಧ್ಯಯನವು ಆಯ್ದುಕೊಂಡ ನಾಲ್ಕು ಪ್ರದೇಶಗಳಲ್ಲಿ ಬಳ್ಳಾರಿ ಜಿಲ್ಲೆಯೂ ಒಂದು. ಜಾರ್ಖಂಡಿನ ಬೊಕಾರೊ, ಮಹಾರಾಷ್ಟ್ರದ ನಂದೂರಬಾರ್ ಮತ್ತು ಹಿಮಾಚಲ ಪ್ರದೇಶದ ಕಾಂಗ್ಡಾ ಉಳಿದ ಮೂರು. ಮಾಸು ಬೀಳುವವರೆಗೆ ಹೊಕ್ಕಳ ಬಳ್ಳಿಯನ್ನು ಕತ್ತರಿಸದೆ ಕಾಯುವ ಪದ್ಧತಿ ಮತ್ತು ಅಳದ ಕೂಸನ್ನು ಬದುಕಿಸಲು ಮಾಸನ್ನು ಬಿಸಿ ಮಾಡುವ ಪದ್ಧತಿ ಭಾರತದ ಸೂಲಗಿತ್ತಿಯರ ಅನುಭವದಲ್ಲಿ ಮತ್ತೆ ಮತ್ತೆ ಕಾಣಿಸುತ್ತವೆ. ಜೀವವು ಕೂಸಿನಲ್ಲಿ ಮಾತ್ರವಲ್ಲದೆ ಮಾಸಿನಲ್ಲಿಯೂ ಇದೆ ಎಂಬ ತಿಳಿವಳಿಕೆ ಇದರ ಹಿಂದಿದೆ. ಮಾಸನ್ನು ಬಿಸಿ ಮಾಡುವ ಕ್ರಮಕ್ಕೆ ವೈದ್ಯಶಾಸ್ತ್ರದ ಒಪ್ಪಿಗೆಯಿಲ್ಲ. ಆದರೆ ಬಳ್ಳಿಯನ್ನು ಒಡನೆಯೇ ಕತ್ತರಿಸದೆ ಕನಿಷ್ಠ ಒಂದು ನಿಮಿಷ ಕಾಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಇಂದು ಹೇಳುತ್ತದೆ. ಹಳೆಯ ಕೈಗಳು ಕಾಯುತ್ತಿದ್ದುದನ್ನು ಹೊಸ ಶಾಸ್ತ್ರ ಬೇರೆ ದಾರಿಯಿಂದ ತಲುಪಿದೆ.

ಪಾವಗಡ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ (1920-2018) ಈ ಪರಂಪರೆಯ ದೊಡ್ಡ ಹೆಸರು. ಅಕ್ಷರ ಕಲಿಯದ ಅವರು ಅಜ್ಜಿಯಿಂದ ವಿದ್ಯೆ ಪಡೆದು 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಬಳ್ಳಾರಿ ಸೀಮೆಯಂತೆಯೇ ಕನ್ನಡ-ತೆಲುಗು ಬೆರೆತ ಆ ಗಡಿನಾಡಿನಲ್ಲಿ ಅವರ ಹೆಸರಿನೊಂದಿಗೆ ಕೂಡಿಕೊಂಡ ಮಾತು ಕೈಗುಣ. ಕೈಗುಣ ಎಂದರೆ ಕೌಶಲವಷ್ಟೇ ಅಲ್ಲ. ಆ ಕೈ ತನ್ನಿಂದಾದದ್ದನ್ನೆಲ್ಲ ಮಾಡಿದೆ ಎಂದು ಮನೆಯವರು ಇಡುವ ಭರವಸೆಯೂ ಅದರಲ್ಲಿದೆ. ಆ ಭರವಸೆಯಿದ್ದಲ್ಲಿ ಕೂಸು ಉಳಿಯದಿದ್ದರೂ ಸೂಲಗಿತ್ತಿಯ ಮೇಲೆ ಆರೋಪ ಬೀಳುತ್ತಿರಲಿಲ್ಲ.

ಆದರೆ ಈ ಪರಂಪರೆಯನ್ನು ಮೆಚ್ಚುವಾಗ ಅದರ ಮಿತಿಯನ್ನು ಮರೆಮಾಚಬಾರದು. ಹೊಕ್ಕಳ ಬಳ್ಳಿಯನ್ನು ಕುಡುಗೋಲು ಮುಂತಾದವುಗಳಿಂದ ಕತ್ತರಿಸಿ ಬೂದಿ ಅಥವಾ ಸಗಣಿ ಹಚ್ಚಿದ ಎಷ್ಟೋ ಕೂಸುಗಳು ವಾರ ಕಳೆಯುವಷ್ಟರಲ್ಲಿ ಧನುರ್ವಾಯುವಿಗೆ ತುತ್ತಾದವು. ದವಡೆ ಬಿಗಿದು, ಹಾಲು ಕುಡಿಯದೆ, ಮೈ ಸೆಟೆದು ಸಾಯುವ ಆ ಕೂಸುಗಳ ಸಾವು ಶೆಟಿಗೆವ್ವನ ಬರಹದ ದಿನಗಳ ಆಸುಪಾಸಿನಲ್ಲಿಯೇ ಬರುತ್ತಿದ್ದುದರಿಂದ ಅದನ್ನು ಹಣೆಬರಹವೆಂದು ಓದುವುದು ಸಹಜವಾಗಿತ್ತು. ಗರ್ಭಿಣಿಯರಿಗೆ ಧನುರ್ವಾಯು ಚುಚ್ಚುಮದ್ದು, ಶುಚಿಯಾದ ಬ್ಲೇಡು ಮತ್ತು ದಾರ ಬಂದ ಮೇಲೆ ಈ ಬರಹ ಅಳಿಸಿಹೋಯಿತು. ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯುವನ್ನು ಭಾರತ ನಿವಾರಿಸಿದೆ ಎಂದು 2015ರಲ್ಲಿ ಅಧಿಕೃತವಾಗಿ ದೃಢಪಟ್ಟಿತು. ವಿಧಿ ಎಂದು ತಿಳಿದಿದ್ದುದರ ಒಂದು ದೊಡ್ಡ ಪಾಲು ಆರೈಕೆಯ ಕೊರತೆಯಾಗಿತ್ತು ಎಂಬ ಈ ಪಾಠ ಇಡೀ ಚರ್ಚೆಗೆ ಮುಖ್ಯವಾದುದು. ವಿಧಿಗೂ ಚಿಕಿತ್ಸೆಗೂ ನಡುವಿನ ಗಡಿ ಸ್ಥಿರವಲ್ಲ. ಅದು ಚರಿತ್ರೆಯೊಂದಿಗೆ ಸರಿಯುತ್ತದೆ.

3. ಹರಕೆ, ಹೆಸರು, ಬರೆ

ಸೂಲಗಿತ್ತಿಯ ಕೈ ಮೀರಿದ ಮೇಲೆ ತೀರ್ಮಾನ ಮನೆಗೆ ಬರುತ್ತಿತ್ತು. ಎಳೆಗೂಸಿನ ಕಾಯಿಲೆಯನ್ನು ಬಾಲಗ್ರಹದ ಕಾಟವೆಂದು ತಿಳಿಯುವ ವಿಚಾರ ಕನ್ನಡದಲ್ಲಿ ಹಳೆಯದು. ಸುಮಾರು 1200ರ ದೇವೇಂದ್ರಮುನಿಯ ‘ಬಾಲಗ್ರಹಚಿಕಿತ್ಸೆ’ ಈ ವಿಷಯಕ್ಕೇ ಮೀಸಲಾದ ಕೃತಿ. ಶಿಶುವಿನ ಕಾಯಿಲೆಯನ್ನು ಪ್ರತ್ಯೇಕವಾಗಿ ವಿಚಾರಿಸಬೇಕು ಎಂಬ ಎಚ್ಚರ ಎಂಟು ಶತಮಾನಗಳ ಹಿಂದೆಯೇ ಕನ್ನಡದಲ್ಲಿತ್ತು ಎಂಬುದಕ್ಕೆ ಅದು ಸಾಕ್ಷಿ. ಜನಪದರಲ್ಲಿ ಇದೇ ಎಚ್ಚರ ದೃಷ್ಟಿ ತೆಗೆಯುವುದು, ತಾಯಿತ ಕಟ್ಟುವುದು, ಬಜೆ ತೇಯ್ದು ಹಾಕುವುದು, ಹರಕೆ ಹೊರುವುದು ಮುಂತಾದ ರೂಪಗಳಲ್ಲಿ ಹರಿಯಿತು.

ಹಿಂದಿನ ಕೂಸುಗಳು ಉಳಿಯದ ಮನೆಯಲ್ಲಿ ಹೊಸ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಣ್ಣ, ತಿಪ್ಪಮ್ಮ ಎಂದು ಹೆಸರಿಡುವ, ಮೂಗು ಚುಚ್ಚಿಸುವ, ಕಲ್ಲಪ್ಪ, ಗುಂಡಪ್ಪ ಎಂದು ಕರೆಯುವ ಪದ್ಧತಿ ಪ್ರಸಿದ್ಧವಾದುದು. ತೆಲುಗರಲ್ಲಿಯೂ ಪೆಂಟಯ್ಯ, ಪುಲ್ಲಯ್ಯ ಎಂಬ ಹೆಸರುಗಳು ಇದೇ ಬಗೆಯವು. ಎಡ್ಗರ್ ಥರ್ಸ್ಟನ್ ತನ್ನ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ (1909) ಇಂಥ ಹೆಸರುಗಳನ್ನು ದಾಖಲಿಸಿದ್ದಾನೆ. ಬಳ್ಳಾರಿ-ಚಿತ್ರದುರ್ಗ ಸೀಮೆಯಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಭಕ್ತಿಯಿಂದಲೂ ಈ ಹೆಸರು ಬರುವುದರಿಂದ ಪ್ರತಿಯೊಬ್ಬ ತಿಪ್ಪಣ್ಣನ ಹಿಂದೆಯೂ ಸತ್ತ ಅಣ್ಣಂದಿರನ್ನು ಹುಡುಕಬೇಕಾಗಿಲ್ಲ. ಆದರೂ ಈ ಆಚರಣೆಯ ತರ್ಕ ಸ್ಪಷ್ಟವಾಗಿದೆ. ಈ ಕೂಸು ಯಾರಿಗೂ ಬೇಡವಾದುದು, ಕಸ, ಕಲ್ಲು ಎಂದು ಸಾವಿಗೆ ಸುಳ್ಳು ಹೇಳಲಾಗುತ್ತದೆ. ಅತಿಯಾಗಿ ಬೇಕಾದ ಜೀವವನ್ನು ಬೇಡವೆಂದು ಕರೆದು ಉಳಿಸಿಕೊಳ್ಳುವ ಉಪಾಯವಿದು. ಜನಪದರು ಕೂಸಿನ ಸಾವನ್ನು ಸುಲಭವಾಗಿ ಒಪ್ಪಿಕೊಳ್ಳುತ್ತಿದ್ದರು ಎಂಬ ಅಭಿಪ್ರಾಯಕ್ಕೆ ಈ ಹೆಸರುಗಳೇ ಉತ್ತರ.

ಇಲ್ಲಿಯವರೆಗಿನ ವಿವರಗಳಿಂದ ಒಂದು ಮಾತು ಹೊಳೆಯುತ್ತದೆ. ಜನಪದ ಲೋಕದಲ್ಲಿ ಎಳೆಗೂಸಿನ ಜೀವನ್ಮರಣದ ತೀರ್ಮಾನ ಒಬ್ಬರದಾಗಿರಲಿಲ್ಲ. ಸೂಲಗಿತ್ತಿಯ ಕೈ, ಅತ್ತೆಯ ಅನುಭವ, ತಾಯಿಯ ಹರಕೆ, ಓಣಿಯ ಹಿರಿಯರ ಮಾತು, ಕೊನೆಗೆ ಶೆಟಿಗೆವ್ವನ ಬರಹ ಎಂದು ಅದು ಹಂಚಿಹೋಗಿತ್ತು. ಹಣೆಬರಹ ಎಂಬುದು ತೀರ್ಮಾನವನ್ನು ಕೈಬಿಡುವ ಮಾತಾಗಿರಲಿಲ್ಲ. ಮಾಡಬೇಕಾದುದನ್ನೆಲ್ಲ ಮಾಡಿದ ಮೇಲೆ ಉಳಿಯುವ ಭಾರವನ್ನು ಯಾರೊಬ್ಬರ ಹೆಗಲ ಮೇಲೂ ಬೀಳದಂತೆ ಎತ್ತಿಡುವ ಮಾತಾಗಿತ್ತು.

ಈ ಹಂಚಿಕೆಗೆ ಇನ್ನೊಂದು ಮುಖವೂ ಇದೆ. ಭಾರವನ್ನು ಹಂಚಿಕೊಂಡವರ ನಡುವೆ ಬೆಲೆ ತೆತ್ತವರು ಬೇರೆಯೇ ಇದ್ದರು. ಕಾಯಿಲೆ ಬಿದ್ದ ಹೆಣ್ಣುಕೂಸು ಉಳಿದರೆ ದೇವಿಗೆ ಬಿಡುತ್ತೇವೆ ಎಂಬ ಹರಕೆಯಿಂದ ಎಷ್ಟೋ ಹೆಣ್ಣುಮಕ್ಕಳ ಕೊರಳಿಗೆ ಮುತ್ತು ಬಿದ್ದಿತು. ಬಳ್ಳಾರಿ ಸೀಮೆಯ ಬಸವಿಯರನ್ನು ಕುರಿತು ಎಫ್. ಫಾಸೆಟ್ 19ನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಬರೆದಿದ್ದಾನೆ. ಉಳಿದ ಕೂಸು ತನ್ನ ಉಳಿವಿನ ಸಾಲವನ್ನು ಬದುಕಿಡೀ ತೀರಿಸಬೇಕಾಗಿತ್ತು. ಕರ್ನಾಟಕವು ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆಯನ್ನು ರೂಪಿಸಿದ್ದು 1982ರಲ್ಲಿ. ಹಾಗೆಯೇ ಕಾಯಿಸಿದ ಕಬ್ಬಿಣ ಅಥವಾ ಬಳೆಯ ಚೂರಿನಿಂದ ಕೂಸಿನ ಹೊಟ್ಟೆಗೆ ಬರೆ ಹಾಕುವ ಕ್ರೂರ ಉಪಚಾರವೂ ಪ್ರೀತಿಯ ಹೆಸರಿನಲ್ಲಿಯೇ ನಡೆಯಿತು. ಸುಟ್ಟ ಗಾಯದಿಂದ ನಂಜೇರಿ ಕೂಸು ಸತ್ತರೆ ಅದೂ ಹಣೆಬರಹದ ಲೆಕ್ಕಕ್ಕೇ ಸೇರುತ್ತಿತ್ತು. ಹೆಣ್ಣುಕೂಸಿನ ಆರೈಕೆಯಲ್ಲಿ ತೋರಿದ ಉದಾಸೀನವೂ ಇದೇ ಮಾತಿನ ನೆರಳಿನಲ್ಲಿ ಅಡಗಿತು. ವಿಧಿಯ ಭಾಷೆಯನ್ನು ಅರ್ಥಮಾಡಿಕೊಳ್ಳುವುದು ಬೇರೆ, ಅದು ಮುಚ್ಚಿಟ್ಟದ್ದನ್ನು ಕಾಣದಿರುವುದು ಬೇರೆ.

4. ಒಳಗೋಣೆಯಿಂದ ಆಸ್ಪತ್ರೆಗೆ

ಬಳ್ಳಾರಿ ಸೀಮೆಯು 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಸೇರಿ 1953ರವರೆಗೆ ಮದರಾಸು ಆಡಳಿತದಲ್ಲಿತ್ತು. ಮದರಾಸಿನ ಎಗ್ಮೋರಿನಲ್ಲಿ 1844ರಲ್ಲಿ ಸರ್ಕಾರಿ ಹೆರಿಗೆ ಆಸ್ಪತ್ರೆ ಸ್ಥಾಪನೆಯಾಯಿತು. ಹೆಂಗಸರ ವೈದ್ಯಕೀಯ ನೆರವಿಗೆ 1885ರಲ್ಲಿ ಡಫರಿನ್ ನಿಧಿಯೂ, ಸೂಲಗಿತ್ತಿಯರಿಗೆ ತರಬೇತಿ ನೀಡಲು 1903ರಲ್ಲಿ ವಿಕ್ಟೋರಿಯಾ ಸ್ಮಾರಕ ನಿಧಿಯೂ ಹುಟ್ಟಿಕೊಂಡವು. ಇವೆಲ್ಲ ನಗರಗಳ ಆಚೆ ಹೆಚ್ಚು ಹರಡಲಿಲ್ಲ. ರಾಜ್ಯದ ಮರುವಿಂಗಡಣೆಯ ನಂತರ 1961ರಲ್ಲಿ ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದುದು ಈ ಭಾಗದ ಆರೋಗ್ಯ ಚರಿತ್ರೆಯ ತಿರುವು. ಮುಂದೆ ವಿಜಯನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಎಂದು ಬಹುಕಾಲ ಹೆಸರಾಗಿದ್ದ ಈ ಸಂಸ್ಥೆಯ ಆಸ್ಪತ್ರೆಗೆ ಸುತ್ತಲಿನ ಜಿಲ್ಲೆಗಳಿಂದಲೂ, ಗಡಿಯಾಚೆಯ ಆಂಧ್ರದಿಂದಲೂ ರೋಗಿಗಳು ಬರತೊಡಗಿದರು.

ಹೆರಿಗೆ ಮಾತ್ರ ಇನ್ನೂ ಕೆಲವು ದಶಕ ಮನೆಯಲ್ಲಿಯೇ ಉಳಿಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992-93ರಲ್ಲಿ ಕರ್ನಾಟಕದ ಹತ್ತು ಹೆರಿಗೆಗಳಲ್ಲಿ ನಾಲ್ಕಕ್ಕಿಂತ ಕಡಿಮೆ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 1998-99ರಲ್ಲಿ ಇದು ಸುಮಾರು ಅರ್ಧಕ್ಕೇರಿತು. 2019-20ರ ಸಮೀಕ್ಷೆಯ ಹೊತ್ತಿಗೆ ಶೇಕಡಾ 97 ಆಯಿತು. 2005ರ ಜನನಿ ಸುರಕ್ಷಾ ಯೋಜನೆ, ಆಶಾ ಕಾರ್ಯಕರ್ತೆಯರ ನೇಮಕ ಮತ್ತು ತಾಯಿ-ಶಿಶುವಿಗೆ ಉಚಿತ ಚಿಕಿತ್ಸೆ, ಔಷಧ, ಸಾಗಣೆ ಒದಗಿಸುವ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಈ ಬದಲಾವಣೆಗೆ ಬೆಂಬಲವಾದವು. ದೇಶದಲ್ಲಿ 2005ರಲ್ಲಿ ಸಾವಿರ ಜನನಗಳಿಗೆ 37 ಇದ್ದ ನವಜಾತ ಶಿಶುಮರಣ 2020ಕ್ಕೆ 20ಕ್ಕೆ ಇಳಿಯಿತು. ಹೀಗೆ ಎರಡು ತಲೆಮಾರುಗಳ ಅವಧಿಯಲ್ಲಿ ಸೂಲಗಿತ್ತಿಯ ಕೋಣೆ ಖಾಲಿಯಾಯಿತು.

ಸೂಲಗಿತ್ತಿಯ ಕೋಣೆ ಖಾಲಿಯಾಗದೆಯೂ ಕೂಸುಗಳನ್ನು ಉಳಿಸಬಹುದೇ ಎಂಬ ಪ್ರಶ್ನೆಗೆ ಗಡಚಿರೋಲಿಯಲ್ಲಿ ಒಂದು ಉತ್ತರ ದೊರೆಯಿತು. ಮಹಾರಾಷ್ಟ್ರದ ಆ ಜಿಲ್ಲೆಯಲ್ಲಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೇ ತರಬೇತಿ ನೀಡಿ, ಸೂಲಗಿತ್ತಿಯರನ್ನೂ ಜೊತೆಗೂಡಿಸಿಕೊಂಡು, ಮನೆಯಲ್ಲಿಯೇ ನಂಜಿನ ಚಿಕಿತ್ಸೆ ದೊರೆಯುವಂತೆ ಮಾಡಿದರು. 1990ರ ದಶಕದಲ್ಲಿ ಅಲ್ಲಿನ ನವಜಾತ ಶಿಶುಮರಣ ಸಾವಿರಕ್ಕೆ 62ರಿಂದ 25ರ ಆಸುಪಾಸಿಗೆ ಇಳಿಯಿತು. ಆಸ್ಪತ್ರೆಗೆ ಒಯ್ಯಿರಿ ಎಂದರೂ ಒಯ್ಯದ ಮನೆಗಳ ತೀರ್ಮಾನವನ್ನು ಹಳಿಯುವ ಬದಲು ಆ ತೀರ್ಮಾನ ಆಗುವಲ್ಲಿಗೇ ಚಿಕಿತ್ಸೆಯನ್ನು ಕೊಂಡೊಯ್ದುದು ಈ ಪ್ರಯೋಗದ ವಿಶೇಷ. ಆಶಾ ಕಾರ್ಯಕರ್ತೆಯರು ಬಾಣಂತಿಯ ಮನೆಗೆ ಭೇಟಿ ಕೊಡುವ ಇಂದಿನ ಕ್ರಮಕ್ಕೆ ಇದೇ ಪ್ರೇರಣೆ.

5. ಸಹಿ ಯಾರದು?

2011ರ ಕೇಂದ್ರ ಸರ್ಕಾರದ ಮಾರ್ಗಸೂಚಿಯ ಪ್ರಕಾರ ಹೆರಿಗೆ ನಡೆಯುವ ಪ್ರತಿ ಕೇಂದ್ರದಲ್ಲಿ ನವಜಾತ ಶಿಶು ಆರೈಕೆಯ ಮೂಲೆ, ಅದರ ಮೇಲಿನ ಹಂತದಲ್ಲಿ ಸ್ಥಿರೀಕರಣ ಘಟಕ, ಜಿಲ್ಲಾ ಆಸ್ಪತ್ರೆಯಲ್ಲಿ ವಿಶೇಷ ನವಜಾತ ಶಿಶು ಆರೈಕೆ ಘಟಕ ಇರಬೇಕು. ಕೃತಕ ಉಸಿರಾಟದ ಯಂತ್ರ ಮತ್ತು ದೊಡ್ಡ ಶಸ್ತ್ರಚಿಕಿತ್ಸೆ ಮೂಲತಃ ಈ ವಿಶೇಷ ಘಟಕದ ವ್ಯಾಪ್ತಿಯಲ್ಲಿಲ್ಲ. ಹೀಗಾಗಿ ತೂಕ ತೀರ ಕಡಿಮೆಯಿರುವ, ಉಸಿರಾಡಲಾರದ ಕೂಸಿನ ಮುಂದೆ ಇನ್ನೂ ದೊಡ್ಡ ಆಸ್ಪತ್ರೆಗೆ ಒಯ್ಯುವ ಪ್ರಶ್ನೆ ಬರುತ್ತದೆ. ಒಯ್ದರೆ ಖರ್ಚೆಷ್ಟು, ಉಳಿಯುವ ಸಾಧ್ಯತೆಯೆಷ್ಟು, ಉಳಿದರೆ ಕಣ್ಣು-ಕಿವಿ-ಬುದ್ಧಿ ಸರಿಯಿದ್ದೀತೇ, ಮನೆಯಲ್ಲಿರುವ ಬೇರೆ ಮಕ್ಕಳ ಗತಿಯೇನು ಎಂಬ ಪ್ರಶ್ನೆಗಳು ಒಟ್ಟಿಗೆ ಎದುರಾಗುತ್ತವೆ. ಅವಕ್ಕೆ ಉತ್ತರ ಕೊಡಬೇಕಾದವನು ಸಾಮಾನ್ಯವಾಗಿ ಕಾಗದ ಹಿಡಿದು ನಿಂತ ತಂದೆ. ಹೆತ್ತವಳು ಬೇರೆ ವಾರ್ಡಿನಲ್ಲಿ, ಅನೇಕ ವೇಳೆ ಬೇರೆ ಊರಿನ ಆಸ್ಪತ್ರೆಯಲ್ಲಿ ಮಲಗಿರುತ್ತಾಳೆ. ಕೂಸಿನ ಕೈಪಟ್ಟಿಯ ಮೇಲೆ ಯಾರ ಹೆಸರಿದೆಯೋ ಆಕೆಯ ಸಹಿ ಆ ಕಾಗದದ ಮೇಲೆ ಇರುವುದಿಲ್ಲ.

ವೈದ್ಯರ ಸಲಹೆಗೆ ವಿರುದ್ಧವಾಗಿ ಕೂಸನ್ನು ಮನೆಗೆ ಒಯ್ಯುತ್ತೇವೆ ಎಂಬ ಬರಹಕ್ಕೆ ಹಾಕುವ ಸಹಿಯೂ ಇಂಥದೇ. ಅದರ ಹಿಂದೆ ಬಡತನವಿರಬಹುದು, ದೂರವಿರಬಹುದು, ಹುಟ್ಟಿದ್ದು ಹೆಣ್ಣು ಎಂಬ ಲೆಕ್ಕವಿರಬಹುದು, ಸಾಯುವ ಕೂಸು ಯಂತ್ರಗಳ ನಡುವೆ ಸಾಯುವುದು ಬೇಡ ಎಂಬ ಕರುಣೆಯೂ ಇರಬಹುದು. ಕಾಗದ ಇವುಗಳನ್ನು ಬೇರ್ಪಡಿಸಿ ನೋಡುವುದಿಲ್ಲ. ದೇಶದ ವಿಶೇಷ ಘಟಕಗಳಲ್ಲಿ 2017ರಲ್ಲಿ ದಾಖಲಾದ ಹೆಣ್ಣುಕೂಸುಗಳು ಗಂಡುಕೂಸುಗಳಿಗಿಂತ ಸುಮಾರು ಒಂದೂವರೆ ಲಕ್ಷದಷ್ಟು ಕಡಿಮೆ ಎಂದು ಯುನಿಸೆಫ್ ತಿಳಿಸಿತು. ಎಳೆಯ ದಿನಗಳಲ್ಲಿ ಗಂಡುಕೂಸುಗಳು ಸಹಜವಾಗಿಯೇ ಹೆಚ್ಚು ಕಾಯಿಲೆ ಬೀಳುತ್ತವೆ. ಆದರೂ ಈ ಅಂತರವನ್ನೆಲ್ಲ ಪ್ರಕೃತಿಯ ತಲೆಗೆ ಕಟ್ಟಲಾಗದು.

ಈ ಇಕ್ಕಟ್ಟು ಬಳ್ಳಾರಿ ಸೀಮೆಗಷ್ಟೇ ಸೀಮಿತವಲ್ಲ. ಅಮೆರಿಕದ ಯೇಲ್-ನ್ಯೂ ಹೇವನ್ ಆಸ್ಪತ್ರೆಯ ವೈದ್ಯರಾದ ರೇಮಂಡ್ ಡಫ್ ಮತ್ತು ಎ.ಜಿ.ಎಂ. ಕ್ಯಾಂಪ್ಬೆಲ್ 1973ರಲ್ಲಿ ತಮ್ಮ ಘಟಕದ 299 ಶಿಶುಮರಣಗಳಲ್ಲಿ 43 ಚಿಕಿತ್ಸೆಯನ್ನು ತಡೆಹಿಡಿದುದರಿಂದ ಆದವು ಎಂದು ಬಹಿರಂಗವಾಗಿ ಬರೆದರು. ಎಲ್ಲ ಕಡೆಯೂ ನಡೆಯುತ್ತಿದ್ದ, ಯಾರೂ ಆಡದಿದ್ದ ಮಾತನ್ನು ಅವರು ಆಡಿದ್ದರು. 1982ರಲ್ಲಿ ಇಂಡಿಯಾನಾ ರಾಜ್ಯದಲ್ಲಿ ಡೌನ್ ಲಕ್ಷಣವಿದ್ದ ಕೂಸಿಗೆ ಅನ್ನನಾಳದ ಶಸ್ತ್ರಚಿಕಿತ್ಸೆ ಬೇಡವೆಂದು ಹೆತ್ತವರು ತೀರ್ಮಾನಿಸಿದಾಗ, ಆ ಕೂಸು ಆರು ದಿನ ಬದುಕಿ ತೀರಿಕೊಂಡಿತು. ಅದಕ್ಕೆ ದಾಖಲೆಗಳಲ್ಲಿ ಉಳಿದದ್ದು ಹೆಸರಲ್ಲದ ಹೆಸರು: ‘ಬೇಬಿ ಡೋ’. ಅಂಗವೈಕಲ್ಯವಿದೆ ಎಂಬ ಒಂದೇ ಕಾರಣಕ್ಕೆ ಚಿಕಿತ್ಸೆಯನ್ನು ನಿರಾಕರಿಸಬಾರದು ಎಂಬ ನಿಯಮಗಳಿಗೆ ಆ ಪ್ರಕರಣ ದಾರಿಯಾಯಿತು.

ಭಾರತದಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾಮನ್ ಕಾಸ್ ಪ್ರಕರಣದ ತೀರ್ಪಿನಲ್ಲಿ (2018) ಘನತೆಯಿಂದ ಸಾಯುವ ಹಕ್ಕನ್ನು ಒಪ್ಪಿ, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯುವ ಮುನ್ನ ಪ್ರಾಥಮಿಕ ಮತ್ತು ದ್ವಿತೀಯಕ ಎಂಬ ಎರಡು ವೈದ್ಯ ಮಂಡಳಿಗಳು ಪರಿಶೀಲಿಸಬೇಕು, ಹತ್ತಿರದವರ ಒಪ್ಪಿಗೆಯಿರಬೇಕು. ಇದರ ಜಾರಿಗೆ ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ಪ್ರಾಯದವರು ತಮ್ಮ ಇಚ್ಛೆಯನ್ನು ಮೊದಲೇ ಬರೆದಿಡಬಹುದು. ನವಜಾತ ಶಿಶುವಿಗೆ ಇಚ್ಛೆಯ ಬರಹವಿರುವುದು ಸಾಧ್ಯವೇ ಇಲ್ಲ. ಅದರ ಹಣೆಯ ಮೇಲೆ ಬೇರೆಯವರೇ ಬರೆಯಬೇಕು. ಹಾಗಿರುವಾಗ ಬರೆಯುವ ಕೈಗಳು ಹೆಚ್ಚು ಇರಬೇಕು, ಕಣ್ಣೆದುರಿಗೆ ಇರಬೇಕು ಎಂಬುದೇ ಎರಡು ಮಂಡಳಿಗಳ ವಿಧಾನದ ಅಂತರಾರ್ಥ. ಭಾರವನ್ನು ಹಂಚುವ ಹಳೆಯ ಕ್ರಮಕ್ಕೆ ಇದು ದೂರದ ಬಂಧು. ವ್ಯತ್ಯಾಸವೆಂದರೆ ಇಲ್ಲಿ ಕಾರಣಗಳನ್ನು ಬರೆದಿಡಬೇಕು. ಉದಾಸೀನಕ್ಕೆ ವಿಧಿಯ ಹೆಸರು ಕೊಡಲು ಬರುವುದಿಲ್ಲ.

ಆದರೆ ಮಂಡಳಿಯ ಮುಂದೆ ಮನೆಯವರು ಮಾತನಾಡಬೇಕಾದರೆ ಭರವಸೆ ಬೇಕು. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಹೆರಿಗೆಯ ನಂತರ ಹಲವು ಬಾಣಂತಿಯರು ತೀರಿಕೊಂಡು, ಅವರಿಗೆ ನೀಡಿದ ದ್ರಾವಣದ ಗುಣಮಟ್ಟ ರಾಜ್ಯದಾದ್ಯಂತ ಪ್ರಶ್ನೆಗೊಳಗಾಯಿತು. ಸೂಲಗಿತ್ತಿಯ ಕೈಗುಣದ ಮೇಲೆ ಇಟ್ಟಿದ್ದ ನಂಬಿಕೆಯನ್ನು ಸಂಸ್ಥೆಯೊಂದರ ಮೇಲೆ ಇಡಬೇಕಾದ ಕಾಲದಲ್ಲಿ ಇಂಥ ಘಟನೆಯ ಪರಿಣಾಮ ಆ ಮನೆಗಳಿಗಷ್ಟೇ ಸೀಮಿತವಾಗುವುದಿಲ್ಲ.

6. ಎದೆಯ ಮೇಲಿನ ಕೂಸು

ತಾಯಿಯನ್ನು ತೀರ್ಮಾನದ ತಾಣಕ್ಕೆ ಮರಳಿ ತರುವ ದಾರಿಯೊಂದು ಬಳ್ಳಾರಿಯ ನೆರೆಯಲ್ಲಿಯೇ ಕಾಣಿಸಿದೆ. ತೂಕ ಕಡಿಮೆಯಿರುವ ಕೂಸನ್ನು ತಾಯಿಯ ಬರಿಯ ಎದೆಗೆ ಅಂಟಿಸಿ, ಬಟ್ಟೆಯಿಂದ ಕಟ್ಟಿ, ಅವಳ ಮೈಬಿಸಿ ಮತ್ತು ಹಾಲಿನಿಂದಲೇ ಬೆಳೆಸುವ ಕ್ರಮಕ್ಕೆ ಕಾಂಗರೂ ತಾಯಿ ಆರೈಕೆ ಎಂದು ಹೆಸರು. ಇದು ಕೊಲಂಬಿಯಾದ ಬೊಗೊಟಾ ನಗರದಲ್ಲಿ 1978ರಲ್ಲಿ ಎಡ್ಗರ್ ರೇ ಸನಾಬ್ರಿಯಾ ಎಂಬ ವೈದ್ಯರಿಂದ ಆರಂಭವಾಯಿತು. ಕೂಸುಗಳನ್ನಿಡುವ ಕಾವುಪೆಟ್ಟಿಗೆಗಳ ಕೊರತೆ ಅದಕ್ಕೆ ಕಾರಣವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಬೆಂಬಲದಿಂದ ಭಾರತ ಮತ್ತು ಇಥಿಯೋಪಿಯಾಗಳಲ್ಲಿ ಈ ಆರೈಕೆಯನ್ನು ವಿಸ್ತರಿಸುವ ಅಧ್ಯಯನ ನಡೆದಾಗ ಕರ್ನಾಟಕದಲ್ಲಿ ಆಯ್ಕೆಯಾದುದು ಕೊಪ್ಪಳ ಜಿಲ್ಲೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯು ಸರ್ಕಾರದೊಂದಿಗೆ ಇದನ್ನು ಕೈಗೊಂಡಿತು. ಆಸ್ಪತ್ರೆಯಲ್ಲಿ ಆರಂಭವಾದ ಆರೈಕೆ ಮನೆಯಲ್ಲಿಯೂ ಮುಂದುವರಿಯಬೇಕಾಗಿದ್ದುದರಿಂದ ಅತ್ತೆ, ಗಂಡ, ಆಶಾ ಕಾರ್ಯಕರ್ತೆ ಎಲ್ಲರೂ ಇದರ ಪಾಲುದಾರರಾಗಬೇಕಾಯಿತು.

ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 1.0ರಿಂದ 1.8 ಕಿಲೋದೊಳಗಿನ 3,211 ಕೂಸುಗಳನ್ನು ಗಮನಿಸಲಾಯಿತು. ಹುಟ್ಟಿದ ಕೂಡಲೇ ತಾಯಿಯ ಎದೆಗೆ ಹಾಕಿದ ಗುಂಪಿನಲ್ಲಿ 28 ದಿನಗಳೊಳಗೆ ಶೇಕಡಾ 12.0 ಕೂಸುಗಳೂ, ಸ್ಥಿತಿ ಸುಧಾರಿಸಿದ ಮೇಲೆ ಹಾಕಿದ ಗುಂಪಿನಲ್ಲಿ ಶೇಕಡಾ 15.7 ಕೂಸುಗಳೂ ತೀರಿಕೊಂಡವು. ಇದಕ್ಕಾಗಿ ತಾಯಂದಿರಿಗೆ ಕೂಸಿನ ಘಟಕದೊಳಗೇ ಹಾಸಿಗೆ ಒದಗಿಸಲಾಗಿತ್ತು. ತಾಯಿ-ಕೂಸನ್ನು ಬೇರ್ಪಡಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿತು. ಬಾಣಂತಿಯ ಕೋಣೆಯಲ್ಲಿ ತಾಯಿಯೂ ಕೂಸೂ ಒಂದೇ ಹೊದಿಕೆಯಲ್ಲಿದ್ದ ಸ್ಥಿತಿಗೆ ಯಂತ್ರಗಳನ್ನು ಬಿಟ್ಟುಕೊಡದೆಯೇ ಮರಳುವ ಪ್ರಯತ್ನವಿದು.

ನೀತಿಶಾಸ್ತ್ರದ ದೃಷ್ಟಿಯಿಂದ ಇದರ ಫಲ ಬದುಕುಳಿದ ಕೂಸುಗಳ ಲೆಕ್ಕಕ್ಕಿಂತ ದೊಡ್ಡದು. ಕೂಸು ಎದೆಯ ಮೇಲಿರುವಾಗ ಅದರ ಉಸಿರಿನ ಏರಿಳಿತವನ್ನು ಮೊದಲು ತಿಳಿಯುವವಳು ತಾಯಿ. ಇನ್ನು ಸಾಕು ಎನ್ನುವ ಹೊತ್ತು ಬಂದರೂ ಆ ಮಾತು ಅವಳನ್ನು ದಾಟಿ ಹೋಗಲಾರದು. ಉಳಿಯದ ಕೂಸೂ ಕಾವುಪೆಟ್ಟಿಗೆಯ ಬದಲು ಮಡಿಲಿನಲ್ಲಿ ತೀರಿಕೊಳ್ಳಬಹುದು.

ಉಪಸಂಹಾರ

ಒಟ್ಟಿನಲ್ಲಿ ಬಳ್ಳಾರಿ ಸೀಮೆಯ ಎಳೆಗೂಸಿನ ಆರೈಕೆಯ ಚರಿತ್ರೆ ಎರಡು ಪಾಠಗಳನ್ನು ಕೊಡುತ್ತದೆ. ಧನುರ್ವಾಯುವಿನ ಕಥೆ ಹೇಳುವಂತೆ ಹಣೆಬರಹವೆಂದು ಕೈಚೆಲ್ಲಿದ ಎಷ್ಟೋ ಕೂಸುಗಳು ಉಳಿಯಬಹುದಾಗಿದ್ದವು. ಆದ್ದರಿಂದ ವಿಧಿಯ ಮಾತು ಕೇಳಿಬಂದಲ್ಲೆಲ್ಲ ಆರೈಕೆ ತಲುಪಿದೆಯೇ, ಹೆಣ್ಣು ಎಂದು ಕೈಬಿಡಲಾಯಿತೇ, ದುಡ್ಡಿಲ್ಲವೆಂದು ನಿಲ್ಲಿಸಲಾಯಿತೇ ಎಂದು ಮೊದಲು ಕೇಳಬೇಕು. ಈ ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೂ ಯಾವ ಶಾಸ್ತ್ರವೂ ಉಳಿಸಲಾಗದ ಕೂಸುಗಳು ಇರುತ್ತವೆ. ಆಗ “ಋಣ ಅಷ್ಟೇ ಇತ್ತು” ಎನ್ನುವ ಮನೆಯವರ ಮಾತನ್ನು ಅಜ್ಞಾನವೆಂದು ತಳ್ಳಬಾರದು. ತಮ್ಮ ಸಹಿಯೇ ಕೂಸನ್ನು ಕೊಂದಿತು ಎಂಬ ಕೊರಗಿನಿಂದ ಹೆತ್ತವರನ್ನು ಕಾಯುವ ಶಕ್ತಿ ಆ ಮಾತಿಗಿದೆ.

ಬಾದನಹಟ್ಟಿಯಂಥ ಊರುಗಳಿಂದ ಬರುವ ಮನೆಗಳೊಂದಿಗೆ ವ್ಯವಹರಿಸುವ ವೈದ್ಯರು, ದಾದಿಯರು ಈ ಭಾಷೆಯನ್ನು ಕಲಿಯುವುದು ಔಷಧ ಕಲಿಯುವಷ್ಟೇ ಅಗತ್ಯ. ಜಾನಪದ ಸಂಶೋಧನೆಗೂ ಇಲ್ಲಿ ಕೆಲಸವಿದೆ. ತೊಟ್ಟಿಲ ಹಾಡುಗಳನ್ನು ಸಂಗ್ರಹಿಸಿದಷ್ಟು ಶ್ರದ್ಧೆಯಿಂದ ತೊಟ್ಟಿಲೇರದೆ ಹೋದ ಕೂಸುಗಳ ಸುತ್ತಲಿನ ಮಾತು, ಮೌನ, ಆಚರಣೆಗಳನ್ನು ಸಂಗ್ರಹಿಸಿದ್ದು ಕಡಿಮೆ. ಮನೆಹೆರಿಗೆಯನ್ನು ಕಂಡ ಕೊನೆಯ ತಲೆಮಾರಿನ ಸೂಲಗಿತ್ತಿಯರು ಈಗ ಹಣ್ಣು ಹಣ್ಣು ಮುದುಕಿಯರು. ಅಳದೆ ಹುಟ್ಟಿದ ಕೂಸಿನ ಅಂಗಾಲನ್ನು ಎಷ್ಟು ಹೊತ್ತು ತಟ್ಟಿದಿರಿ, ಯಾವಾಗ ಕೈ ನಿಲ್ಲಿಸಿದಿರಿ, ನಿಲ್ಲಿಸಿದ ಮೇಲೆ ತಾಯಿಗೆ ಏನು ಹೇಳಿದಿರಿ ಎಂದು ಅವರನ್ನು ಕೇಳಬೇಕಾದ ಕಾಲವಿದು.